ಸ್ಟೇನ್‌ಲೆಸ್ ಮ್ಯಾನಿಫೋಲ್ಡ್ ಮೂರನೇ ಸಲ ಬಿರುಕು ಬಿಟ್ಟಿದೆ, ಯಾವ ಲೋಹ ಹಾಕಿಸಲಿ?

ಎರಡುಲೀಟರ್_ಟರ್ಬೊ

ಎಲ್ಲರಿಗೂ ನಮಸ್ಕಾರ. ತುಂಬಾ ಬೇಸರದಲ್ಲಿ ಬರೆಯುತ್ತಿದ್ದೇನೆ, ಗೊತ್ತಿರುವವರು ದಾರಿ ತೋರಿಸಿ.

ನನ್ನದು ಎರಡು ಲೀಟರಿನ ಪೆಟ್ರೋಲ್ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಯಂತ್ರ) ಇರುವ ಕಾರು. ಕಾರಿನ ಜೊತೆಗೇ ಬಂದಿದ್ದ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್, ಅಂದರೆ ಎಂಜಿನ್ ಹೊಗೆಯನ್ನು ಒಟ್ಟುಮಾಡಿ ಟರ್ಬೊಗೆ ಕಳಿಸುವ ಭಾಗ, 11 ವರ್ಷ ಬಾಳಿತು. ಅದರಲ್ಲಿ ಒಂದು ಗೆರೆಯಷ್ಟೂ ಬಿರುಕಿರಲಿಲ್ಲ. ಹೊಗೆ ಸಲೀಸಾಗಿ ಹರಿಯಲಿ ಅಂತ ಅದನ್ನು ತೆಗೆದು, ಸ್ಟೇನ್‌ಲೆಸ್ ಕೊಳವೆಗಳನ್ನು ಬೆಸೆದು ಮಾಡಿದ ಮ್ಯಾನಿಫೋಲ್ಡ್ ಹಾಕಿಸಿದೆ. ಒಂದೂವರೆ ವರ್ಷದಲ್ಲಿ ಅದು ಮೂರು ಸಲ ಬಿರುಕು ಬಿಟ್ಟಿದೆ. ಪ್ರತಿ ಸಲವೂ ನಾಲ್ಕು ಕೊಳವೆ ಸೇರುವ ಜಾಗದಲ್ಲೇ, ಬೆಸುಗೆಯ ಪಕ್ಕದಲ್ಲೇ. ಬೆಸೆದು ಬೆಸೆದು ಸಾಕಾಗಿದೆ.

ಈ ಸಲ ಬಿಚ್ಚಿದಾಗ ಇನ್ನೂ ಎರಡು ವಿಷಯ ಕಂಡವು. ಟರ್ಬೊದ ಬಿಸಿ ಕಡೆಯ ಹೌಸಿಂಗ್ (ಕವಚ) ಒಳಗೆ, ಎರಡು ದಾರಿಗಳ ನಡುವಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಇನ್ನೊಂದು, 304 ಸ್ಟೇನ್‌ಲೆಸ್ ಅಂತ ಹೇಳಿ ಕೊಟ್ಟ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೊಯ್ಯುವ ಕೊಳವೆ) ಮೇಲೆ ಕಂದು ತುಕ್ಕು ಹತ್ತಿದೆ. ಆಯಸ್ಕಾಂತ ಇಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ!

ನನಗೆ ಮೋಸ ಆಗಿದೆಯಾ? ಬೀಡು ತಡೆದ ಬಿಸಿಯನ್ನು ಸ್ಟೇನ್‌ಲೆಸ್ ಯಾಕೆ ತಡೆಯಲಿಲ್ಲ? ಸ್ನೇಹಿತರೊಬ್ಬರು ಸೀದಾ ಇಂಕೊನೆಲ್ (ಬಿಸಿ ತಡೆಯುವ ನಿಕಲ್ ಮಿಶ್ರಲೋಹ) ಹಾಕಿ ಮಾಡಿಸು ಅನ್ನುತ್ತಿದ್ದಾರೆ.

ಪಿಸ್ಟನ್‌ಪ್ರೇಮಿ

ಆಯಸ್ಕಾಂತ ಹಿಡಿದರೆ ಅದು ಸ್ಟೇನ್‌ಲೆಸ್ ಅಲ್ಲವೇ ಅಲ್ಲ. ಕೊಟ್ಟವರಿಗೆ ವಾಪಸ್ ಕೊಡಿ.

ಲೋಹದ_ಹುಚ್ಚು

ತಪ್ಪು. ಈ ಮಾತು ಎಲ್ಲಾ ಕಡೆ ಓಡಾಡುತ್ತಿದೆ, ಇಲ್ಲಿಗಾದರೂ ನಿಲ್ಲಿಸೋಣ.

ಸ್ಟೇನ್‌ಲೆಸ್ ಅನ್ನುವುದು ಒಂದು ಲೋಹದ ಹೆಸರಲ್ಲ, ದೊಡ್ಡ ಕುಟುಂಬದ ಹೆಸರು. ಉಕ್ಕಿನಲ್ಲಿ ಕಡೇ ಪಕ್ಷ ಶೇಕಡ 10.5ರಷ್ಟು ಕ್ರೋಮಿಯಂ ಇದ್ದರೆ ಆ ಹೆಸರು ಸಿಗುತ್ತದೆ. 304ರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಆ ನಿಕಲ್ ಸೇರಿದ್ದರಿಂದ ಅಣುಗಳ ಜೋಡಣೆಯೇ ಬೇರೆಯಾಗಿ, ಆಯಸ್ಕಾಂತ ಹಿಡಿಯುವುದಿಲ್ಲ. 409ರಲ್ಲಿ ಕ್ರೋಮಿಯಂ ಸುಮಾರು 11 ಭಾಗ, ನಿಕಲ್ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಚೂರು ಟೈಟೇನಿಯಂ. ಅದಕ್ಕೆ ಆಯಸ್ಕಾಂತ ಚೆನ್ನಾಗಿಯೇ ಹಿಡಿಯುತ್ತದೆ. ಅದೂ ಸ್ಟೇನ್‌ಲೆಸ್ಸೇ. ಕಾರ್ಖಾನೆಯಿಂದ ಬರುವ ಎಷ್ಟೋ ಕಾರುಗಳ ಎಕ್ಸಾಸ್ಟ್‌ನಲ್ಲಿ ಇರುವುದು 409, ಇಲ್ಲವೇ ಅದರ ಅಣ್ಣತಮ್ಮಂದಿರಾದ 439 ಮತ್ತು 441.

409ರ ಮೇಲೆ ಕಂದು ಬಣ್ಣ ಬರುವುದು ಮಾಮೂಲು. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಸಾದಾ ಉಕ್ಕಿನ ಹಾಗೆ ಪದರ ಪದರವಾಗಿ ಉದುರಿ ತೂತು ಬೀಳುವುದು ಅಲ್ಲ.

ಎರಡುಲೀಟರ್_ಟರ್ಬೊ

ಆದರೆ ಅವರು 304 ಅಂತಲೇ ಹೇಳಿದ್ದರು ಅಲ್ವಾ.

ಲೋಹದ_ಹುಚ್ಚು

ಹಾಗಿದ್ದರೆ ಹೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು. ಅದನ್ನು ನೀವು ಕೇಳಲೇಬೇಕು. ಆದರೆ ಕೇಳುವ ಮೊದಲು ಒಂದು ಪರೀಕ್ಷೆ ಮಾಡಿ. 304ನ್ನು ತಣ್ಣಗಿರುವಾಗ ಬಾಗಿಸಿದರೆ ಬಾಗಿದ ಜಾಗದಲ್ಲಿ ಸ್ವಲ್ಪ ಆಯಸ್ಕಾಂತ ಹಿಡಿಯುತ್ತದೆ. ಬೆಸುಗೆಯ ಮೇಲೂ ಚೂರು ಹಿಡಿಯಬಹುದು. ನೇರ ಭಾಗದಲ್ಲಿ ಇಟ್ಟು ನೋಡಿ. ಅಲ್ಲೂ ಟಪ್ ಅಂತ ಅಂಟಿಕೊಂಡರೆ ಅದು 304 ಅಲ್ಲ.

ಪಿಸ್ಟನ್‌ಪ್ರೇಮಿ

ಸರಿ, ಒಪ್ಪಿದೆ. ಆದರೂ ನಿಕಲ್ ಉಳಿಸಿ ಖರ್ಚು ಕಡಿಮೆ ಮಾಡುವುದಕ್ಕೆ ತಾನೇ 409 ಹಾಕುವುದು? 304 ಇನ್ನೂ ಒಳ್ಳೆಯದು ಅನ್ನುವುದರಲ್ಲಿ ಏನು ತಪ್ಪು?

ಶಾಖಮಾಪಕ

ಖರ್ಚು ಒಂದು ಕಾರಣ, ಸುಳ್ಳಲ್ಲ. ಆದರೆ ಇನ್ನೊಂದು ಕಾರಣವಿದೆ. ಎರಡುಲೀಟರ್ ಅವರ ಮೂರು ಬಿರುಕಿಗೂ ಉತ್ತರ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಬಿಸಿಯಾದರೆ ಲೋಹ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಅನ್ನುವುದು ಲೋಹದಿಂದ ಲೋಹಕ್ಕೆ ಬೇರೆ. 304 ಥರದ ನಿಕಲ್ ಇರುವ ಸ್ಟೇನ್‌ಲೆಸ್, ಒಂದು ಡಿಗ್ರಿ ಏರಿದರೆ ಮೀಟರಿಗೆ ಸುಮಾರು 18 ಮೈಕ್ರಾನ್ ಹಿಗ್ಗುತ್ತದೆ. 409 ಥರದ್ದು ಸುಮಾರು 12. ಲೆಕ್ಕ ಹಾಕಿ ನೋಡಿ. 60 ಸೆಂಟಿಮೀಟರ್ ಕೊಳವೆ, 800 ಡಿಗ್ರಿ ಏರಿಕೆ. 304 ಸುಮಾರು 8.6 ಮಿಲಿಮೀಟರ್ ಉದ್ದವಾಗುತ್ತದೆ. 409 ಸುಮಾರು 5.8.

ಇಷ್ಟು ಹಿಗ್ಗಲು ಜಾಗ ಬೇಕು. ಒಂದು ತುದಿ ಎಂಜಿನ್ ತಲೆಗೆ (ಸಿಲಿಂಡರ್ ಹೆಡ್) ಬಿಗಿದಿದೆ, ಇನ್ನೊಂದು ತುದಿಯಲ್ಲಿ ಟರ್ಬೊ. ಎಲ್ಲಿಗೂ ಹೋಗಲಾಗದ ಲೋಹ ತನ್ನನ್ನು ತಾನೇ ಹಿಂಡಿಕೊಳ್ಳುತ್ತದೆ. ಕೆಂಪಗೆ ಕಾದಾಗ ಅದು ಮೆತ್ತಗಿರುತ್ತದೆ, ಹಾಗಾಗಿ ಹಿಂಡಿದ ಕಡೆ ಶಾಶ್ವತವಾಗಿ ಮಣಿಯುತ್ತದೆ. ಎಂಜಿನ್ ನಿಲ್ಲಿಸಿದಾಗ ಕುಗ್ಗಲು ಹೋಗಿ ಎಳೆತಕ್ಕೆ ಸಿಗುತ್ತದೆ. ಒಂದು ಓಡಾಟಕ್ಕೆ ಒಂದು ಹಿಂಡು, ಒಂದು ಎಳೆತ. ಒಂದು ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಮುರಿಯುತ್ತದಲ್ಲ, ಅದೇ ಕೆಲಸ ನಿಧಾನವಾಗಿ ನಡೆಯುತ್ತದೆ. ಕೊನೆಗೆ ಎಲ್ಲಾ ಎಳೆತ ಒಟ್ಟಾಗುವ ಜಾಗದಲ್ಲಿ ಬಾಯಿ ಬಿಡುತ್ತದೆ. ಅದು ನಾಲ್ಕು ಕೊಳವೆ ಸೇರುವ ಜಾಗ.

ಬೆಸುಗೆಕಿಡಿ

ಶಾಖಮಾಪಕ ಹೇಳಿದ್ದು ನೂರಕ್ಕೆ ನೂರು ನಿಜ. 20 ವರ್ಷದಿಂದ ಬೆಸುಗೆ ಮಾಡುತ್ತಿದ್ದೇನೆ. ನನ್ನ ಹತ್ತಿರ ಬರುವ ಒಡೆದ ಮ್ಯಾನಿಫೋಲ್ಡ್‌ಗಳಲ್ಲಿ ಲೋಹದ ತಪ್ಪಿಗಿಂತ ಜೋಡಿಸಿದ ರೀತಿಯ ತಪ್ಪೇ ಜಾಸ್ತಿ. ಎರಡುಲೀಟರ್ ಅವರೇ, ಇದಕ್ಕೆ ಉತ್ತರ ಕೊಡಿ.

ಕೊಳವೆಯ ಗೋಡೆ ಎಷ್ಟು ದಪ್ಪ? ಟರ್ಬೊದ ಭಾರ ಹೊರಲು ಎಂಜಿನ್ ಬ್ಲಾಕಿನಿಂದ ಬ್ರಾಕೆಟ್ ಇದೆಯಾ? ಡೌನ್‌ಪೈಪ್‌ನಲ್ಲಿ ಬಳುಕುವ ಬೆಲ್ಲೋಸ್ ತುಂಡು ಇದೆಯಾ? ಬೆಸುಗೆ ಮಾಡುವಾಗ ಕೊಳವೆಯ ಒಳಗೂ ಆರ್ಗಾನ್ ಅನಿಲ ಬಿಟ್ಟಿದ್ದರಾ?

ಕೊನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಹೊರಗಡೆ ಬೆಸುಗೆ ಚಂದ ಕಾಣುತ್ತದೆ. ಒಳಗೆ ಗಾಳಿ ತಾಗಿ, ಕರಗಿದ ಲೋಹ ಸಕ್ಕರೆ ಹರಳಿನ ಹಾಗೆ ಕಪ್ಪಗೆ ಗಂಟು ಕಟ್ಟಿರುತ್ತದೆ. ಬಿರುಕು ಶುರುವಾಗಲು ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಮೇಲಾಗಿ ಆ ಚೂರು ಉದುರಿದರೆ ಸೀದಾ ಹೋಗುವುದು ಟರ್ಬೊ ಒಳಗೆ ಹೊಗೆ ತಿರುಗಿಸುವ ಟರ್ಬೈನ್ ಚಕ್ರಕ್ಕೆ.

ಎರಡುಲೀಟರ್_ಟರ್ಬೊ

ಅಳತೆ ಮಾಡಿದೆ. ಗೋಡೆ 1.5 ಮಿ.ಮೀ. ಬ್ರಾಕೆಟ್ ಇಲ್ಲ! ಹಳೆಯ ಬೀಡಿನ ಮ್ಯಾನಿಫೋಲ್ಡ್ ಇದ್ದಾಗ ಒಂದಿತ್ತು, ಹೊಸದಕ್ಕೆ ಹೊಂದುವುದಿಲ್ಲ ಅಂತ ಜೋಡಿಸಿದವರು ತೆಗೆದು ಬಿಟ್ಟಿದ್ದಾರೆ. ನನಗೆ ಹೇಳಲೂ ಇಲ್ಲ. ಕೊಳವೆಯೊಳಗೆ ಬೆರಳು ಹಾಕಿದರೆ ಒರಟಾಗಿ ಗಂಟು ಗಂಟು ಸಿಗುತ್ತದೆ.

ಬೆಸುಗೆಕಿಡಿ

ಸಿಕ್ಕಿತಲ್ಲ ಕಾರಣ. ಇಡೀ ಟರ್ಬೊ ಆ ತೆಳು ಕೊಳವೆಗಳ ಮೇಲೆ ನೇತಾಡುತ್ತಿದೆ. ಬಿಸಿಗೆ ಮೆತ್ತಗಾದ ಕೊಳವೆ, ಮೇಲೆ ಭಾರ, ಜೊತೆಗೆ ಎಂಜಿನ್ ನಡುಕ. ಯಾವ ಲೋಹ ಹಾಕಿದರೂ ಒಡೆಯುತ್ತಿತ್ತು.

ಟರ್ಬೊ ಹೊರುವ ಮ್ಯಾನಿಫೋಲ್ಡ್‌ಗೆ ನಾನು ಗೋಡೆ ಕಡೇ ಪಕ್ಷ 2.5 ಮಿ.ಮೀ. ಇರಲಿ ಅನ್ನುತ್ತೇನೆ. ದಪ್ಪ ಕೊಳವೆ ಭಾರ ಜಾಸ್ತಿ, ಆದರೆ ಬಾಳುತ್ತದೆ. ಮತ್ತೆ 304 ಬದಲು 321 ಹಾಕಿಸಿ.

ಇಂಧನಕಣ

321 ಯಾಕೆ? ಅದೂ 18 ಕ್ರೋಮಿಯಂ ತಾನೇ?

ಬೆಸುಗೆಕಿಡಿ

ಅದರಲ್ಲಿ ಟೈಟೇನಿಯಂ ಸೇರಿಸಿರುತ್ತಾರೆ. 304 ಸುಮಾರು 425ರಿಂದ 815 ಡಿಗ್ರಿ ಸೆಲ್ಸಿಯಸ್ ನಡುವೆ ತುಂಬಾ ಹೊತ್ತು ಇದ್ದರೆ, ಒಳಗಿನ ಇಂಗಾಲ ಕ್ರೋಮಿಯಂ ಜೊತೆ ಸೇರಿ ಲೋಹದ ಕಣಗಳ ಅಂಚಿನಲ್ಲಿ ಕೂರುತ್ತದೆ. ಅಂಚಿನಲ್ಲಿ ಕ್ರೋಮಿಯಂ ಬರಿದಾಗುತ್ತದೆ. 321ರಲ್ಲಿ ಟೈಟೇನಿಯಂ ಆ ಇಂಗಾಲವನ್ನು ಮೊದಲೇ ಹಿಡಿದುಕೊಳ್ಳುತ್ತದೆ, ಕ್ರೋಮಿಯಂ ಉಳಿಯುತ್ತದೆ. ಬಿರುಕು ಬರುವುದಿಲ್ಲ.

ಲೋಹದ_ಹುಚ್ಚು

ಇಲ್ಲಿ ನಾನು ತಕರಾರು ಎತ್ತುತ್ತೇನೆ. ವಿವರಣೆ ಸರಿ, ತೀರ್ಮಾನ ಸರಿಯಿಲ್ಲ. ಕಣದ ಅಂಚಿನಲ್ಲಿ ಕ್ರೋಮಿಯಂ ಬರಿದಾದರೆ ಬರುವುದು ತುಕ್ಕಿನ ತೊಂದರೆ, ಅದೂ ನೀರು ತಾಗುವ ಜಾಗದಲ್ಲಿ. ಕೆಂಪಗೆ ಕಾಯುವ ಮ್ಯಾನಿಫೋಲ್ಡ್‌ನಲ್ಲಿ ನೀರು ನಿಲ್ಲುವುದಾದರೂ ಎಷ್ಟು ಹೊತ್ತು? ಅಲ್ಲಿ 321 ಚೆನ್ನಾಗಿ ಬಾಳುವುದಕ್ಕೆ ದೊಡ್ಡ ಕಾರಣ ಬೇರೆ. ಬಿಸಿಯಲ್ಲೂ ಅದು ಹೆಚ್ಚು ಗಟ್ಟಿ. ಭಾರ ಹೊತ್ತು ನಿಧಾನವಾಗಿ ಜೋಲುವುದು ಕಡಿಮೆ.

ಇನ್ನೊಂದು ಮಾತು. ಬೆಸುಗೆಗೆ ಒಳ್ಳೆಯದು ಅಂತ ಇಂಗಾಲ ಕಡಿಮೆ ಇರುವ 304ಎಲ್ ತಂದು ಮ್ಯಾನಿಫೋಲ್ಡ್ ಮಾಡುವವರಿದ್ದಾರೆ. ಬಿಸಿಯಲ್ಲಿ ಅದು ಸಾದಾ 304ಕ್ಕಿಂತ ಮೆತ್ತಗೆ. ಹಿಂದಿನ ಕೊಳವೆಗೆ ಸರಿ, ಟರ್ಬೊ ಹೊರುವುದಕ್ಕೆ ಬೇಡ.

ಬೆಸುಗೆಕಿಡಿ

ಒಪ್ಪುತ್ತೇನೆ. "ಬಿರುಕು ಬರುವುದಿಲ್ಲ" ಅಂದಿದ್ದು ಜಾಸ್ತಿಯಾಯಿತು. ಬ್ರಾಕೆಟ್ ಇಲ್ಲದಿದ್ದರೆ 321ಕ್ಕೂ ಬರುತ್ತದೆ.

ಟರ್ಬೊವೈದ್ಯ

ಹೌಸಿಂಗ್ ಬಿರುಕಿನ ಬಗ್ಗೆ ಯಾರೂ ಮಾತಾಡಿಲ್ಲ, ಅದನ್ನು ನಾನು ತೆಗೆದುಕೊಳ್ಳುತ್ತೇನೆ. ನನ್ನ ಕೆಲಸವೇ ಟರ್ಬೊ ಬಿಚ್ಚಿ ಕಟ್ಟುವುದು.

ಮೊದಲು, ಬೀಡು ಅಂದರೆ ಒಂದೇ ಥರ ಅಲ್ಲ. ಟರ್ಬೈನ್ ಹೌಸಿಂಗ್‌ಗೆ ಯಾವ ಎರಕ ಹಾಕಬೇಕು ಅನ್ನುವುದನ್ನು ಹೊಗೆಯ ಬಿಸಿ ತೀರ್ಮಾನ ಮಾಡುತ್ತದೆ. ಡೀಸೆಲ್ ಎಂಜಿನ್ ಹೊಗೆ ಸಾಮಾನ್ಯವಾಗಿ 850 ಡಿಗ್ರಿ ಒಳಗೇ ಇರುತ್ತದೆ. ಅಲ್ಲಿ ಗ್ರಾಫೈಟ್ ಉಂಡೆಯಾಗಿ ಕೂತಿರುವ ಬೀಡಿಗೆ ಶೇಕಡ 4ರಷ್ಟು ಸಿಲಿಕಾನ್, ಜೊತೆಗೆ ಸ್ವಲ್ಪ ಮಾಲಿಬ್ಡಿನಂ ಬೆರೆಸಿದರೆ ಸಾಕು. ನಾವು ಅದನ್ನು ಸೈಮೊ ಅನ್ನುತ್ತೇವೆ. ಸಿಲಿಕಾನ್ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ. ಕಬ್ಬಿಣ ಒಂದು ಬಿಸಿ ದಾಟಿದರೆ ಒಳಗಿನ ಅಣುಗಳ ಜೋಡಣೆ ಬದಲಾಗಿ ಗಾತ್ರವೂ ಬದಲಾಗುತ್ತದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಸಿಲಿಕಾನ್ ಆ ಗಡಿಯನ್ನು ಮೇಲಕ್ಕೆ ತಳ್ಳುತ್ತದೆ. ದಿನವೂ ಗಡಿ ದಾಟುವ ಬೀಡು ಬಿರುಕು ಬಿಟ್ಟೇ ಬಿಡುತ್ತದೆ.

ಪೆಟ್ರೋಲ್ ಹೊಗೆ 950 ಮುಟ್ಟುತ್ತದೆ, ಈಗಿನ ಎಂಜಿನ್‌ಗಳಲ್ಲಿ 1,000 ದಾಟುವುದೂ ಇದೆ. ಅಲ್ಲಿ ಸೈಮೊ ಸಾಲದು. ಸುಮಾರು 35 ಭಾಗ ನಿಕಲ್ ಇರುವ ಡಿ5ಎಸ್ ಅನ್ನುವ ಬೀಡು ಬರುತ್ತದೆ. ಅದಕ್ಕೂ ಮೇಲೆ ಹೋದರೆ ಬೀಡು ಬಿಟ್ಟು ಎರಕದ ಸ್ಟೇನ್‌ಲೆಸ್. 1.4848 ಅನ್ನುವ ಅಂಕೆ ನೋಡಿರಬಹುದು. ಅದರಲ್ಲಿ 25 ಭಾಗ ಕ್ರೋಮಿಯಂ, 20 ಭಾಗ ನಿಕಲ್.

ನಿಮ್ಮ ಕಾರಿನ ಹಳೆ ಮ್ಯಾನಿಫೋಲ್ಡ್ 11 ವರ್ಷ ಬಾಳಿದ್ದು ಸುಮ್ನೆ ಅಲ್ಲ. ಅದನ್ನು ಮಾಡಿದವರು ಹೊಗೆಯ ಬಿಸಿ ಅಳೆದು, ಅದಕ್ಕೆ ಸರಿಯಾದ ಎರಕ ಆರಿಸಿ, ಗೋಡೆ ದಪ್ಪ ಇಟ್ಟು, ಬ್ರಾಕೆಟ್ ಕೊಟ್ಟಿದ್ದರು.

ಇನ್ನು ಆ ಕೂದಲೆಳೆ ಬಿರುಕು. ಎರಡು ದಾರಿಯ ಹೌಸಿಂಗ್‌ನಲ್ಲಿ ನಡುವಿನ ಗೋಡೆ ತುಂಬಾ ಬಿಸಿಯಾಗುವ ಜಾಗ. ಎರಡೂ ಕಡೆ ಬೆಂಕಿ, ತಣಿಯಲು ದಾರಿಯಿಲ್ಲ. ಅಲ್ಲಿ ಸಣ್ಣ ಬಿರುಕು ಬರುವುದು ತುಂಬಾ ಸಾಮಾನ್ಯ. ಹೊರಗಿನ ಗೋಡೆ ಮುಟ್ಟಿಲ್ಲ, ಚೂರು ಅಲ್ಲಾಡುತ್ತಿಲ್ಲ ಅಂದರೆ ಓಡಿಸಬಹುದು. ಬಿರುಕು ಹೊರಗೆ ಬಂದಿದ್ದರೆ, ಅಥವಾ ಎರಡು ಬಿರುಕು ಸೇರಿ ಒಂದು ತುಂಡು ಸಡಿಲವಾಗಿದ್ದರೆ ಆ ಹೌಸಿಂಗ್ ಮುಗಿಯಿತು. ದಯವಿಟ್ಟು ಬೆಸೆಯಬೇಡಿ.

ಪಿಸ್ಟನ್‌ಪ್ರೇಮಿ

ಯಾಕೆ ಬೆಸೆಯಬಾರದು? ನಿಕಲ್ ಕಡ್ಡಿ ಹಾಕಿ ಬೀಡು ಬೆಸೆಯುವುದನ್ನು ನಾನೇ ನೋಡಿದ್ದೇನೆ.

ಟರ್ಬೊವೈದ್ಯ

ಪಂಪಿನ ಕವಚಕ್ಕೆ ಮಾಡಿ, ಬೇಡ ಅನ್ನುವುದಿಲ್ಲ. ಇಲ್ಲಿ ಬೆಸುಗೆಯ ಪಕ್ಕದ ಲೋಹ ಪೆಡಸಾಗುತ್ತದೆ, ಮತ್ತೆ ಅದೇ ಬಿಸಿ, ಅದೇ ಹಿಗ್ಗು. ಉದುರಿದ ತುಂಡು ಒಂದೂವರೆ ಲಕ್ಷ ಸುತ್ತಿನಲ್ಲಿ ತಿರುಗುವ ಚಕ್ರಕ್ಕೆ ಬಡಿಯುತ್ತದೆ. 50 ಮಿ.ಮೀ. ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 390 ಮೀಟರ್ ಓಡುತ್ತಿರುತ್ತದೆ. ಗಾಳಿಯಲ್ಲಿ ಶಬ್ದ ಓಡುವುದೇ ಸೆಕೆಂಡಿಗೆ ಸುಮಾರು 340 ಮೀಟರ್. ಆ ವೇಗದಲ್ಲಿ ಅಕ್ಕಿಕಾಳಿನಷ್ಟು ತುಂಡು ಸಾಕು.

ಇಂಧನಕಣ

ಅಬ್ಬಾ. ಹಾಗಾದರೆ ಆ ಚಕ್ರ ಯಾವ ಲೋಹ? ಬಿಸಿಯಲ್ಲಿ ಎಲ್ಲಾ ಲೋಹ ಮೆತ್ತಗಾಗುತ್ತದೆ ಅಂದಿರಿ. ಅದು ಹೇಗೆ ಹಾರಿ ಹೋಗದೆ ನಿಂತಿದೆ?

ಲೋಹದ_ಹುಚ್ಚು

ಈ ಪ್ರಶ್ನೆಗೆ ಕಾಯುತ್ತಿದ್ದೆ! ನನಗೆ ಇಡೀ ಕಾರಿನಲ್ಲಿ ತುಂಬಾ ಇಷ್ಟವಾದ ತುಂಡು ಅದು.

ಬಹಳಷ್ಟು ಟರ್ಬೈನ್ ಚಕ್ರಗಳು ಇಂಕೊನೆಲ್ 713ಸಿ ಅನ್ನುವ ನಿಕಲ್ ಮಿಶ್ರಲೋಹದ ಎರಕ. ಮುಕ್ಕಾಲು ಪಾಲು ನಿಕಲ್, 12ರಿಂದ 13 ಭಾಗ ಕ್ರೋಮಿಯಂ, 6 ಭಾಗದಷ್ಟು ಅಲ್ಯೂಮಿನಿಯಂ, ಉಳಿದದ್ದು ಮಾಲಿಬ್ಡಿನಂ, ನಯೋಬಿಯಂ ಮುಂತಾದವು. ಅಲ್ಯೂಮಿನಿಯಂ ಅಂದರೆ ಮೆತ್ತನೆಯ ಲೋಹ ಅಂದುಕೊಳ್ಳುತ್ತೇವೆ. ಇಲ್ಲಿ ಅದು ನಿಕಲ್ ಜೊತೆ ಸೇರಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಟ್ಟಿ ಹರಳುಗಳಾಗಿ ಇಡೀ ಲೋಹದ ತುಂಬ ಹರಡಿರುತ್ತದೆ. ಆ ಹರಳಿನ ಗುಣ ವಿಚಿತ್ರ. ಬಿಸಿ ಏರಿದ ಹಾಗೆ ಅದು ಮೆತ್ತಗಾಗುವುದಿಲ್ಲ, ಸುಮಾರು 700-800 ಡಿಗ್ರಿವರೆಗೆ ಇನ್ನೂ ಗಟ್ಟಿಯಾಗುತ್ತಾ ಹೋಗುತ್ತದೆ! ಉಕ್ಕು ಸೋಲುವ ಜಾಗದಲ್ಲಿ ಇದು ನಿಲ್ಲುವುದು ಹಾಗೆ. ಇನ್ನೂ ಬಿಸಿ ಬೇಕಾದರೆ ಮಾರ್-ಎಂ 247 ಅನ್ನುವ ಮಿಶ್ರಲೋಹ ಇದೆ, ವಿಮಾನದ ಜೆಟ್ ಎಂಜಿನ್ ಕಡೆಯಿಂದ ಬಂದದ್ದು.

ಮನೆಯಲ್ಲಿ ಹಳೆಯ ಟರ್ಬೊ ಬಿದ್ದಿದ್ದರೆ ನೋಡಿ. ಚಕ್ರಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ, ಅದರದೇ ಶಾಫ್ಟ್‌ಗೆ ಹಿಡಿಯುತ್ತದೆ. ಶಾಫ್ಟ್ ಉಕ್ಕಿನದು. ಎರಡನ್ನೂ ಉಜ್ಜಿಯೋ, ಎಲೆಕ್ಟ್ರಾನ್ ಕಿರಣದಿಂದಲೋ ಬೆಸೆದಿರುತ್ತಾರೆ. ಕೂಡಿಸಿದ ಗೆರೆಯಲ್ಲಿ ಆಯಸ್ಕಾಂತ ಜಾರಿಸಿದರೆ ಎಲ್ಲಿ ಲೋಹ ಬದಲಾಯಿತು ಅಂತ ಕೈಗೇ ಗೊತ್ತಾಗುತ್ತದೆ.

ಹಗುರಚಕ್ರ

ಸೆರಾಮಿಕ್ ಚಕ್ರಗಳ ಬಗ್ಗೆಯೂ ಹೇಳಿ. 1985ರಲ್ಲಿ ನಿಸ್ಸಾನ್ ಫೇರ್‌ಲೇಡಿ ಜೆಡ್ ಕಾರಿನ ಟರ್ಬೊದಲ್ಲಿ ಸಿಲಿಕಾನ್ ನೈಟ್ರೈಡ್ ಚಕ್ರ ತಂದರು. ನಿಕಲ್ ಮಿಶ್ರಲೋಹದ ಅರ್ಧಕ್ಕಿಂತ ಕಡಿಮೆ ಭಾರ. ಹಗುರವಾದ್ದರಿಂದ ಬೇಗ ವೇಗ ಹಿಡಿಯುತ್ತದೆ, ಟರ್ಬೊ ಎಚ್ಚರವಾಗಲು ಕಾಯಬೇಕಿಲ್ಲ.

ಟರ್ಬೊವೈದ್ಯ

ಹೌದು. ಆದರೆ ಪೆಡಸು. ಲೋಹದ ಚಕ್ರ ಪೆಟ್ಟು ತಿಂದರೆ ಬಾಗುತ್ತದೆ, ಸೆರಾಮಿಕ್ ಪುಡಿಯಾಗುತ್ತದೆ. ಬೂಸ್ಟ್ (ಟರ್ಬೊ ನೂಕುವ ಗಾಳಿಯ ಒತ್ತಡ) ಏರಿಸುವವರು ಅದನ್ನು ತೆಗೆದು ಮತ್ತೆ ಲೋಹದ ಚಕ್ರ ಹಾಕಿಸಿಕೊಳ್ಳುವುದು ಅದಕ್ಕೇ.

ಹಗುರಚಕ್ರ

ಅದಕ್ಕೇ ನಂತರ ಟೈಟೇನಿಯಂ ಅಲ್ಯೂಮಿನೈಡ್ ಬಂತು. 1990ರ ದಶಕದ ಕೊನೆಯಲ್ಲಿ ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್‌ನಲ್ಲಿ ಹಾಕಿದರು. ಒಂದು ಘನ ಸೆಂಟಿಮೀಟರಿಗೆ ಸುಮಾರು 4 ಗ್ರಾಂ. ನಿಕಲ್ ಮಿಶ್ರಲೋಹ ಸುಮಾರು 8.

ಟೈಟೇನಿಯಂ ಅಂದಾಗ ನೆನಪಾಯಿತು. ನಾನು ಪೂರ್ತಿ ಎಕ್ಸಾಸ್ಟ್ ಟೈಟೇನಿಯಂ ಮಾಡಿಸಬೇಕು ಅಂತಿದ್ದೇನೆ, ಟರ್ಬೊದಿಂದ ಹಿಂದಿನ ತುದಿವರೆಗೆ. ಆ ನೀಲಿ ನೇರಳೆ ಬಣ್ಣ ನನಗೆ ತುಂಬಾ ಇಷ್ಟ.

ಶಾಖಮಾಪಕ

ಹಿಂದಿನ ಅರ್ಧಕ್ಕೆ ಧಾರಾಳವಾಗಿ ಮಾಡಿಸಿ. 2001ರ ಷೆವ್ರೊಲೆ ಕಾರ್ವೆಟ್ ಜೆಡ್06 ಕಾರ್ಖಾನೆಯಿಂದಲೇ ಟೈಟೇನಿಯಂ ಮಫ್ಲರ್ (ಸೈಲೆನ್ಸರ್) ಹೊತ್ತು ಬಂದಿತ್ತು. ಆದರೆ ಟರ್ಬೊ ಬಾಯಿಗೆ ಸಾದಾ ಟೈಟೇನಿಯಂ ಬೇಡವೇ ಬೇಡ. ಸುಮಾರು 600 ಡಿಗ್ರಿ ಮೇಲೆ ಅದು ಆಮ್ಲಜನಕವನ್ನು ಒಳಗೇ ಹೀರಿಕೊಳ್ಳುತ್ತದೆ. ಮೇಲ್ಪದರ ಗಾಜಿನ ಹಾಗೆ ಪೆಡಸಾಗಿ, ಅಲ್ಲಿಂದ ಬಿರುಕು ಒಳಗೆ ಇಳಿಯುತ್ತದೆ.

ಆ ಬಣ್ಣ ಬಣ್ಣವಲ್ಲ ಅನ್ನುವುದು ಗೊತ್ತಾ? ಮೇಲೆ ಕೂತ ತೆಳು ಆಕ್ಸೈಡ್ ಪೊರೆಯಲ್ಲಿ ಬೆಳಕು ಆಡುವ ಆಟ. ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುತ್ತದಲ್ಲ, ಅದೇ. ಪೊರೆ ದಪ್ಪವಾದ ಹಾಗೆ ಚಿನ್ನ, ನೇರಳೆ, ನೀಲಿ ಅಂತ ಬದಲಾಗುತ್ತದೆ.

ಎರಡುಲೀಟರ್_ಟರ್ಬೊ

ಇಂಕೊನೆಲ್ ಬಗ್ಗೆ ಹೇಳಿ ಪ್ಲೀಸ್. ಚಕ್ರಕ್ಕೆ ಅದೇ ಅಂದರೆ ಮ್ಯಾನಿಫೋಲ್ಡ್‌ಗೂ ಅದೇ ಒಳ್ಳೆಯದಲ್ವಾ?

ಲೋಹದ_ಹುಚ್ಚು

ಹೆಸರು ಒಂದೇ, ಲೋಹ ಬೇರೆ. 713ಸಿ ಎರಕಕ್ಕೆ ಮಾತ್ರ, ಅದನ್ನು ಕೊಳವೆಯಾಗಿ ಬಾಗಿಸಲು ಆಗುವುದಿಲ್ಲ. ಎಕ್ಸಾಸ್ಟ್ ಕೊಳವೆಗೆ ಬಳಸುವುದು 625. ಅದರಲ್ಲಿ ನಿಕಲ್ 58 ಭಾಗಕ್ಕಿಂತ ಜಾಸ್ತಿ, ಕ್ರೋಮಿಯಂ 20ರಿಂದ 23, ಮಾಲಿಬ್ಡಿನಂ 8ರಿಂದ 10. ಫಾರ್ಮುಲಾ ಒನ್ ಕಾರುಗಳಲ್ಲಿ ಅದೇ ಥರದ್ದು. 1990ರ ದಶಕದ ಮೆಕ್ಲಾರೆನ್ ಎಫ್1 ರಸ್ತೆ ಕಾರಿನ ಎಕ್ಸಾಸ್ಟ್ ಕೂಡ ಇಂಕೊನೆಲ್ಲೇ.

ಅಲ್ಲಿ ಅದನ್ನು ಹಾಕುವುದು ಕೊಳವೆ ತೆಳುವಾಗಿರಲಿ, ಭಾರ ಇಳಿಯಲಿ ಅಂತ. ನಿಮಗೆ ಬೇಕಿರುವುದು ಬಾಳಿಕೆ. ಬ್ರಾಕೆಟ್ ಇಲ್ಲದ ಇಂಕೊನೆಲ್‌ಗಿಂತ ಬ್ರಾಕೆಟ್ ಇರುವ ಬೀಡು ಮೇಲು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಪಿಸ್ಟನ್‌ಪ್ರೇಮಿ

ಕೊಳವೆಗೆ ಬಿಸಿ ತಡೆಯುವ ಪಟ್ಟಿ ಸುತ್ತಿದರೆ? ಬಾನೆಟ್ ಒಳಗೆ ಬಿಸಿ ಕಡಿಮೆಯಾಗುತ್ತದೆ.

ಬೆಸುಗೆಕಿಡಿ

ಬಾನೆಟ್‌ಗೆ ತಂಪು, ಕೊಳವೆಗೆ ಬಿಸಿ. ಹೊರಗೆ ಹೋಗಬೇಕಾದ ಶಾಖ ಲೋಹದಲ್ಲೇ ಉಳಿಯುತ್ತದೆ. ಮಳೆನೀರು ನೆನೆದರೆ ಪಟ್ಟಿ ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಟ್ಟಿ ಬಿಚ್ಚಿದಾಗ ಒಳಗೆ ಸಾದಾ ಉಕ್ಕಿನ ಕೊಳವೆ ಚಕ್ಕೆ ಚಕ್ಕೆಯಾಗಿ ಕೈಗೆ ಬಂದದ್ದನ್ನು ನೋಡಿದ್ದೇನೆ. ಲೋಹಕ್ಕೆ ತಾಗದೆ ನಡುವೆ ಗಾಳಿ ಬಿಟ್ಟು ಕೂರುವ ತಗಡಿನ ಕವಚ ನನಗೆ ಹೆಚ್ಚು ಇಷ್ಟ.

ಸಂಜೆಸವಾರಿ

ನಾನು ಇಷ್ಟೆಲ್ಲಾ ಖರ್ಚು ಮಾಡುವುದಿಲ್ಲಪ್ಪ. ಡೌನ್‌ಪೈಪ್‌ಗೆ ನೀರಿನ ಗ್ಯಾಲ್ವನೈಸ್ಡ್ ಪೈಪ್ ಬೆಸೆದು ಹಾಕೋಣ ಅಂತಿದ್ದೇನೆ. ತುಕ್ಕೂ ಹಿಡಿಯುವುದಿಲ್ಲ.

ಬೆಸುಗೆಕಿಡಿ

ಬೇಡ! ದಯವಿಟ್ಟು ಬೇಡ. ಅದರ ಮೇಲಿರುವುದು ಸತು. 419 ಡಿಗ್ರಿಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದರೆ ಚಳಿ ಜ್ವರ ಬಂದು ಮಲಗುತ್ತೀರಿ. ನನಗೆ ಕಲಿಯುವ ದಿನಗಳಲ್ಲಿ ಬಂದಿತ್ತು, ಇಡೀ ರಾತ್ರಿ ನಡುಗಿದ್ದೇನೆ. ಆಮೇಲೆ ಟರ್ಬೊ ಪಕ್ಕದಲ್ಲಿ ಆ ಸತು ಕರಗಿ ಸ್ಟೇನ್‌ಲೆಸ್ ಮೇಲೆ ಹರಿದರೆ ಅದರ ಕಣಗಳ ನಡುವೆ ನುಗ್ಗಿ ಬಿರುಕು ಬಿಡಿಸುತ್ತದೆ. ಸತು ಲೇಪಿಸಿದ ನಟ್ಟು ಬೋಲ್ಟನ್ನೂ ಬಿಸಿ ಕಡೆ ಹಾಕಬೇಡಿ.

ಇನ್ನೊಂದು ಎಚ್ಚರಿಕೆ. ಬೆಸೆಯುವ ಮುಂಚೆ ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಕೊಳವೆ ಒರೆಸುವವರಿದ್ದಾರೆ. ಆರ್ಕ್ ಬೆಳಕು ಮತ್ತು ಬಿಸಿಗೆ ಅದು ಫಾಸ್ಜೀನ್ ಅನ್ನುವ ವಿಷಗಾಳಿ ಆಗಬಹುದು. ಜೀವ ಹೋಗುವ ವಿಷಯ ಇದು. ಅಸಿಟೋನ್ ಹಾಕಿ ಒರೆಸಿ, ಪೂರ್ತಿ ಆರಲು ಬಿಡಿ.

ಸಂಜೆಸವಾರಿ

ಸರಿ ಸರಿ, ಕೈಬಿಟ್ಟೆ. ಥ್ಯಾಂಕ್ಸ್. ಹಾಗಾದರೆ ಕಡಿಮೆ ಖರ್ಚಿಗೆ ಯಾವುದು? ನನ್ನ ಹಿಂದಿನ ಮಫ್ಲರ್ ಕೂಡ ಒಳಗಿನಿಂದ ಕೊಳೆತು ಹೋಗಿದೆ. ದಿನಕ್ಕೆ ಮೂರು ಕಿಲೋಮೀಟರ್ ಓಡಿಸುತ್ತೇನೆ ಅಷ್ಟೇ!

ಶಾಖಮಾಪಕ

ಅಷ್ಟೇ ಓಡಿಸುವುದರಿಂದಲೇ ಕೊಳೆತಿದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹಬೆಯಾಗಿ ಹೊರಗೆ ಬರುತ್ತದೆ. ಮೂರು ಕಿಲೋಮೀಟರಿನಲ್ಲಿ ಮಫ್ಲರ್ ಕಾಯುವುದೇ ಇಲ್ಲ. ಹಬೆ ಅಲ್ಲೇ ನೀರಾಗಿ ನಿಲ್ಲುತ್ತದೆ, ಹೊಗೆಯಲ್ಲಿನ ಆಮ್ಲ ಅದಕ್ಕೆ ಸೇರುತ್ತದೆ. ಮುಂದಿನ ಕೊಳವೆಗಳು ಬಿಸಿಗೆ ಸಾಯುತ್ತವೆ, ಹಿಂದಿನವು ತಂಪಿಗೆ ಸಾಯುತ್ತವೆ.

ಕಡಿಮೆ ಖರ್ಚಿಗೆ ಅಲ್ಯೂಮಿನಿಯಂ ಲೇಪಿಸಿದ ಉಕ್ಕು ನೋಡಿ. ಆದರೆ ಬೆಸೆದ ಜಾಗದಲ್ಲಿ ಲೇಪ ಸುಟ್ಟು ಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಸಾಧ್ಯವಾದರೆ ಹಿಂದಿನ ಭಾಗಕ್ಕೆ 439 ಹಾಕಿಸಿ. ಕ್ರೋಮಿಯಂ 18ರ ಹತ್ತಿರ ಇರುವುದರಿಂದ ಈ ಆಮ್ಲದ ನೀರಿಗೆ 409ಗಿಂತ ಚೆನ್ನಾಗಿ ನಿಲ್ಲುತ್ತದೆ. ಮತ್ತೆ ವಾರಕ್ಕೊಮ್ಮೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ, ನೀರು ಆರಲಿ.

ಇಂಧನಕಣ

ಒಂದು ಅನುಮಾನ. ಈಗಿನ ಕೆಲವು ಕಾರುಗಳಲ್ಲಿ ಮ್ಯಾನಿಫೋಲ್ಡೇ ಕಾಣುವುದಿಲ್ಲ. ಎಂಜಿನ್ ತಲೆಗೆ ನೇರವಾಗಿ ಟರ್ಬೊ. ಅದು ಹೇಗೆ?

ಟರ್ಬೊವೈದ್ಯ

ಮ್ಯಾನಿಫೋಲ್ಡನ್ನು ಅಲ್ಯೂಮಿನಿಯಂ ತಲೆಯ ಒಳಗೇ ಎರಕ ಹೊಯ್ದು, ಸುತ್ತ ನೀರು ಹರಿಸುತ್ತಾರೆ. ಫೋಕ್ಸ್‌ವ್ಯಾಗನ್‌ನ ಇಎ888 ಎಂಜಿನ್ನಿನ ಮೂರನೇ ಪೀಳಿಗೆಯಲ್ಲಿ ಹಾಗಿದೆ. ಹೊಗೆ ಟರ್ಬೊ ಮುಟ್ಟುವ ಮೊದಲೇ ಸ್ವಲ್ಪ ತಣಿಯುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಆದರೂ 900 ದಾಟಿದ ಹೊಗೆ ಅದರೊಳಗೆ ಹಾದು ಹೋಗುತ್ತದೆ. ಹೊಗೆ ಎಷ್ಟು ಬಿಸಿ ಅನ್ನುವುದಕ್ಕಿಂತ ಗೋಡೆ ಎಷ್ಟು ಬಿಸಿ ಅನ್ನುವುದು ಮುಖ್ಯ. ಆ ಗೋಡೆಯ ಹಿಂದೆ ನೀರು ನಿಂತಿದೆ.

ಎರಡುಲೀಟರ್_ಟರ್ಬೊ

ಎಲ್ಲರಿಗೂ ಮನಸಾರೆ ಧನ್ಯವಾದ. ನೇರ ಭಾಗದಲ್ಲಿ ಆಯಸ್ಕಾಂತ ಇಟ್ಟು ನೋಡಿದೆ, ಡೌನ್‌ಪೈಪ್ 304 ಅಲ್ಲ. ಕೊಟ್ಟವರ ಹತ್ತಿರ ಮಾತಾಡಿದೆ, ಒಪ್ಪಿಕೊಂಡರು. ಆದರೆ ಪೈಪ್ ಚೆನ್ನಾಗಿಯೇ ಇದೆ, ಅದನ್ನೇ ಇಟ್ಟುಕೊಳ್ಳುತ್ತೇನೆ. ಹೌಸಿಂಗ್ ಬಿರುಕು ಹೊರಗೆ ಬಂದಿಲ್ಲ, ತುಂಡು ಅಲ್ಲಾಡುತ್ತಿಲ್ಲ.

ಹಳೆಯ ಬೀಡಿನ ಮ್ಯಾನಿಫೋಲ್ಡ್ ಪುಣ್ಯಕ್ಕೆ ಎಸೆದಿರಲಿಲ್ಲ. ಬ್ರಾಕೆಟ್ ಸಮೇತ ಅದನ್ನೇ ವಾಪಸ್ ಹಾಕುತ್ತೇನೆ. ಆದರೆ ಹಾಕಲು ಹೋದರೆ ಎರಡು ತುದಿಯ ಸ್ಟಡ್‌ಗಳಿಗೆ (ಎಂಜಿನ್ ತಲೆಯಿಂದ ಹೊರಚಾಚಿದ ಎಳೆಯಿರುವ ಕಡ್ಡಿಗಳು) ತೂತು ಹೊಂದುತ್ತಿಲ್ಲ! 11 ವರ್ಷ ಅಲ್ಲೇ ಇತ್ತಲ್ಲ?

ಶಾಖಮಾಪಕ

ಅದೇ ಹಿಂಡುವಿಕೆ. ಬಿಸಿಯಲ್ಲಿ ಉದ್ದವಾಗಲು ಜಾಗವಿಲ್ಲದೆ ಮಣಿದಿದೆ, ತಣಿದಾಗ ಮೊದಲಿಗಿಂತ ಚೂರು ಗಿಡ್ಡವಾಗಿದೆ. ಸ್ಟಡ್‌ಗಳು ಹಿಡಿದಿದ್ದವು, ಬಿಚ್ಚಿದ ಮೇಲೆ ಗೊತ್ತಾಗುತ್ತಿದೆ. ಮ್ಯಾನಿಫೋಲ್ಡ್ ಎಂಜಿನ್ ತಲೆಗೆ ಕೂರುವ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ.

ಎರಡುಲೀಟರ್_ಟರ್ಬೊ

ತುದಿಯಲ್ಲಿ 0.4 ಮಿ.ಮೀ. ಹೋಗುತ್ತಿದೆ.

ಟರ್ಬೊವೈದ್ಯ

ಮುಖ ಮಟ್ಟ ಮಾಡಿಸಿ. ತುದಿಯ ತೂತುಗಳನ್ನು ಉದ್ದುದ್ದಕ್ಕೆ ಒಂದು ಮಿಲಿಮೀಟರ್ ಹಿಗ್ಗಿಸಿ, ನಡುವಿನವನ್ನು ಮುಟ್ಟಬೇಡಿ. ಹಾಗೆ ಮಾಡಿದರೆ ನಡುವೆ ಗಟ್ಟಿಯಾಗಿ ನಿಂತು ಎರಡೂ ಕಡೆಗೆ ಹಿಗ್ಗಲು ಜಾಗ ಸಿಗುತ್ತದೆ. ಹೊಸ ಸ್ಟಡ್ ಹಾಕಿ, ಹಳೆಯವು ಬಿಸಿಗೆ ಎಳೆದುಕೊಂಡಿರುತ್ತವೆ. ಎಳೆಗೆ ನಿಕಲ್ ಇರುವ ಆ್ಯಂಟಿಸೀಜ್ (ಎಳೆ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ಹಚ್ಚಿ. ಹಚ್ಚಿದ ಮೇಲೆ ಪುಸ್ತಕದಲ್ಲಿ ಹೇಳಿದ ಪೂರ್ತಿ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಕೊಟ್ಟರೆ ಜಾಸ್ತಿ ಬಿಗಿಯಾಗುತ್ತದೆ, ಸ್ವಲ್ಪ ಕಡಿಮೆ ಕೊಡಿ. ನಡುವಿನಿಂದ ಶುರು ಮಾಡಿ ಹೊರಗೆ ಬನ್ನಿ. ನಾಲ್ಕೈದು ಸಲ ಕಾದು ತಣಿದ ಮೇಲೆ, ಪೂರ್ತಿ ತಣ್ಣಗಿರುವಾಗ ಇನ್ನೊಮ್ಮೆ ನೋಡಿ.

ಎರಡುಲೀಟರ್_ಟರ್ಬೊ

ಮ್ಯಾನಿಫೋಲ್ಡ್ ಮಟ್ಟ ಮಾಡಲು ಕೊಟ್ಟು ಬಂದೆ. ಹೊಸ ಸ್ಟಡ್ ಬಂದ ಮೇಲೆ ಜೋಡಿಸಿ ಇಲ್ಲೇ ಬರೆಯುತ್ತೇನೆ.